ವಿಟ್ಲಾಕೈಟ್ ಮತ್ತು ಮೆರಿಲೈಟ್: ಒಂದು ಖನಿಜನಾಮದ ವಿಮರ್ಶೆ

೧

ಖನಿಜಶಾಸ್ತ್ರದಲ್ಲಿ ಹೆಸರಿನ ಪ್ರಶ್ನೆಯನ್ನು ಗೌಣವೆಂದು ಬಗೆಯುವ ವಾಡಿಕೆಯುಂಟು. ವಸ್ತುವಿನ ಗುಣಧರ್ಮಗಳು ತಿಳಿದಿದ್ದರೆ ಸಾಕು, ಅದನ್ನು ಯಾವ ಹೆಸರಿನಿಂದ ಕರೆದರೇನು ಎಂಬ ಮಾತು ತರಗತಿಗಳಲ್ಲಿಯೂ ಪ್ರಯೋಗಶಾಲೆಗಳಲ್ಲಿಯೂ ಆಗಾಗ ಕೇಳಿಬರುತ್ತದೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಕೇವಲ ಬಣ್ಣದ ಭೇದವನ್ನೋ ದೊರೆತ ಸ್ಥಳದ ಭೇದವನ್ನೋ ಹಿಡಿದು ಹಿಂದಿನವರು ಇಟ್ಟ ನೂರಾರು ಹೆಸರುಗಳನ್ನು ಇಂದು ನಾವು ಮರೆತಿದ್ದೇವೆ. ಮರೆತದ್ದರಿಂದ ಶಾಸ್ತ್ರಕ್ಕೆ ನಷ್ಟವೇನೂ ಆಗಿಲ್ಲ. ಆದರೂ ಹೆಸರೆಂಬುದು ಖನಿಜದ ವಿಷಯದಲ್ಲಿ ಒಂದು ಪ್ರತಿಪಾದನೆಯೇ ಆಗಿದೆ. ಇಂಥ ಮೂಲವಸ್ತುಗಳು ಇಂಥ ಪ್ರಮಾಣದಲ್ಲಿ, ಇಂಥ ಜೋಡಣೆಯಲ್ಲಿ ಇಲ್ಲಿ ಇವೆ ಎಂದು ಆ ಒಂದು ಶಬ್ದವು ಸಾರುತ್ತದೆ. ಪ್ರತಿಪಾದನೆಯು ತಪ್ಪಾಗಿದ್ದರೆ, ಅದರ ಮೇಲೆ ಕಟ್ಟಿದ ಊಹೆಗಳೂ ವಾಲುತ್ತವೆ.

ಈ ಮಾತಿಗೆ ವಿಟ್ಲಾಕೈಟ್ ಎಂಬ ವಿರಳ ಫಾಸ್ಫೇಟ್ ಖನಿಜಕ್ಕಿಂತ ಉತ್ತಮವಾದ ನಿದರ್ಶನವು ನಮಗೆ ತೋರದು. ಭೂಮಿಯ ಮೇಲೆ ಅದು ಬಹು ಅಪರೂಪ. ಅದರ ಸೋದರನಾದ ಮೆರಿಲೈಟ್ ಉಲ್ಕಾಶಿಲೆಗಳಲ್ಲಿಯೂ ಚಂದ್ರಶಿಲೆಗಳಲ್ಲಿಯೂ ಸರ್ವೇಸಾಧಾರಣ. ೧೯೬೨ರಲ್ಲಿ ಇವೆರಡೂ ಒಂದೇ ಎಂಬ ನಿರ್ಣಯವಾಯಿತು. ಹತ್ತು ಹದಿನೈದು ವರ್ಷಗಳಲ್ಲಿ ಆ ನಿರ್ಣಯವು ಅಲುಗಿತು. ಆದರೆ ಹಳೆಯ ಹೆಸರು ಮಾತ್ರ ಶಾಸ್ತ್ರಗ್ರಂಥಗಳಲ್ಲಿ ಬಹುಕಾಲ ಉಳಿದುಕೊಂಡಿತು. ಭೇದವಿರುವುದು ಒಂದು ಜಲಜನಕದ ಪರಮಾಣುವಿನಲ್ಲಿ. ಆ ಪರಮಾಣುವಿಗೂ ಮಂಗಳಗ್ರಹದಲ್ಲಿ ನೀರು ಇದ್ದಿತೇ ಎಂಬ ಪ್ರಶ್ನೆಗೂ ಸಂಬಂಧವುಂಟೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಪ್ರಕೃತ ಲೇಖನದಲ್ಲಿ ಈ ಖನಿಜದ್ವಯದ ಲಕ್ಷಣಗಳನ್ನೂ ಅವು ದೊರೆಯುವ ಬಗೆಯನ್ನೂ ಮೊದಲು ಸಂಗ್ರಹಿಸಿ, ಬಳಿಕ ಅವುಗಳ ನಾಮಕರಣದ ಇತಿಹಾಸವನ್ನು ವಿಮರ್ಶಿಸಲು ಉದ್ದೇಶಿಸಿದ್ದೇವೆ.

೨

ವಿಟ್ಲಾಕೈಟನ್ನು ಮೊದಲು ವರ್ಣಿಸಿದವನು ಅಮೆರಿಕದ ಖನಿಜಶಾಸ್ತ್ರಜ್ಞನಾದ ಕ್ಲಿಫರ್ಡ್ ಫ್ರೊಂಡೆಲ್. ಅವನ ಪ್ರಬಂಧವು ೧೯೪೧ರಲ್ಲಿ ಪ್ರಕಟವಾಯಿತು. ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ನಾರ್ತ್ ಗ್ರೋಟನ್ ಎಂಬ ಊರಿನ ಬಳಿಯಿರುವ ಪಲೆರ್ಮೊ ಗಣಿಯಲ್ಲಿ ಅದು ದೊರೆಯಿತು. ನ್ಯೂಯಾರ್ಕಿನ ಪ್ರಕೃತಿವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಖನಿಜಗಳ ಪಾಲಕನಾಗಿದ್ದ ಹರ್ಬರ್ಟ್ ವಿಟ್ಲಾಕನ ಗೌರವಾರ್ಥವಾಗಿ ಫ್ರೊಂಡೆಲ್ ಅದಕ್ಕೆ ಆ ಹೆಸರನ್ನಿಟ್ಟನು.

ಪಲೆರ್ಮೊ ಗಣಿಯು ಪೆಗ್ಮಟೈಟ್ ಜಾತಿಯ ಶಿಲೆಯಲ್ಲಿದೆ. ಗ್ರಾನೈಟಿನ ಶಿಲಾರಸವು ಬಹುಭಾಗ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವದಲ್ಲಿ ನೀರು, ರಂಜಕ, ಲಿಥಿಯಂ, ಬೆರಿಲಿಯಂ ಮುಂತಾದವುಗಳು ಸಾಂದ್ರವಾಗುತ್ತವೆ. ಆ ದ್ರವವು ತಣಿದಾಗ ದಪ್ಪ ಹರಳುಗಳ ಪೆಗ್ಮಟೈಟ್ ಹುಟ್ಟುತ್ತದೆ. ಮೊದಲು ಹುಟ್ಟಿದ ಫಾಸ್ಫೇಟುಗಳ ಮೇಲೆ ಅಂತ್ಯಕಾಲದ ಬಿಸಿನೀರಿನ ದ್ರಾವಣಗಳು ಹರಿದು ಅವುಗಳನ್ನು ಕೊರೆದು, ಕರಗಿಸಿ, ಹೊಸ ಖನಿಜಗಳನ್ನು ಪೊಟರೆಗಳಲ್ಲಿ ಕೂಡಿಡುತ್ತವೆ. ಪಲೆರ್ಮೊದಲ್ಲಿ ವಿಟ್ಲಾಕೈಟ್ ಹುಟ್ಟಿರುವುದು ಇಂಥ ಅಂತ್ಯಕಾಲದಲ್ಲಿ. ವುಲ್ಫೈಟ್, ಪಲೆರ್ಮೊಯಿಟ್ ಮೊದಲಾದ ಇತರ ವಿರಳ ಫಾಸ್ಫೇಟುಗಳೂ ಅದೇ ಗಣಿಯಿಂದ ಶಾಸ್ತ್ರಕ್ಕೆ ಪರಿಚಿತವಾದವು. ಆದುದರಿಂದ ವಿಟ್ಲಾಕೈಟ್ ನೀರಿನ ಮಧ್ಯದಲ್ಲಿ ಹುಟ್ಟಿದ ಖನಿಜವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಾದಕ್ಕೆ ಇದು ಆಧಾರ.

ಇದರ ಹರಳುಗಳು ತ್ರಿಕೋನ ವರ್ಗಕ್ಕೆ ಸೇರಿದ ಸಮಚತುರ್ಭುಜ ಘನಗಳು. ಬಣ್ಣವು ಇಲ್ಲದಿರಬಹುದು, ಬೂದುಬಿಳುಪು, ನಸುಹಳದಿ, ನಸುಗೆಂಪು ಆಗಿರಲೂಬಹುದು. ಹೊಳಪು ಗಾಜಿನಂತೆ, ಕೆಲವೊಮ್ಮೆ ರಾಳದಂತೆ. ಕಾಠಿಣ್ಯ ೫, ಅಂದರೆ ಅಪಟೈಟಿನ ಕಾಠಿಣ್ಯವೇ. ಸಾಪೇಕ್ಷ ಸಾಂದ್ರತೆ ಸುಮಾರು ೩.೧೨. ಬೆಳಕಿನ ವಕ್ರೀಭವನಾಂಕ ಸುಮಾರು ೧.೬೩, ದ್ವಿವಕ್ರೀಭವನವು ಬಹು ಕ್ಷೀಣ. ಈ ಲಕ್ಷಣಗಳಲ್ಲಿ ಒಂದಾದರೂ ಕಣ್ಣಿಗೆ ಹೊಡೆಯುವಂಥದಲ್ಲ. ಅಪಟೈಟಿನೊಡನೆ ಇಟ್ಟರೆ ಬರಿಗಣ್ಣಿಗೂ ಸೂಕ್ಷ್ಮದರ್ಶಕಕ್ಕೂ ಇದನ್ನು ಬೇರ್ಪಡಿಸುವುದು ಸುಲಭವಲ್ಲ. ಈ ಖನಿಜವು ತಡವಾಗಿ ಬೆಳಕಿಗೆ ಬಂದುದಕ್ಕೆ ಇದೂ ಒಂದು ಕಾರಣವಿರಬೇಕು.

ಪಲೆರ್ಮೊವಲ್ಲದೆ ದಕ್ಷಿಣ ಡಕೋಟದ ಟಿಪ್ ಟಾಪ್ ಗಣಿಯ ಪೆಗ್ಮಟೈಟಿನಲ್ಲಿಯೂ, ಕೆನಡದ ಯೂಕಾನ್ ಪ್ರಾಂತದ ಬಿಗ್ ಫಿಷ್ ನದಿಯ ಬಳಿ ಜಲಜ ಶಿಲೆಗಳ ನಡುವೆಯೂ ಇದು ದೊರೆತಿದೆ. ಸಮುದ್ರದ್ವೀಪಗಳಲ್ಲಿ ಹಕ್ಕಿಗಳ ಹಿಕ್ಕೆಯಿಂದ ಇಳಿದ ರಂಜಕವು ಸುಣ್ಣಕಲ್ಲಿನೊಡನೆ ಸೇರಿ ಆದ ನಿಕ್ಷೇಪಗಳಲ್ಲಿಯೂ ಕಂಡಿದೆ. ಗಣಿಗಿಂತ ಹೆಚ್ಚು ಹತ್ತಿರದ ತಾಣವೊಂದೂ ಉಂಟು: ಮನುಷ್ಯನ ಹಲ್ಲಿನ ಮೇಲೆ ಕಟ್ಟುವ ಗಟ್ಟಿ ಪಾಚಿಯಲ್ಲಿ ಮೆಗ್ನೀಸಿಯಂಯುಕ್ತವಾದ ವಿಟ್ಲಾಕೈಟ್ ಒಂದು ಘಟಕವಾಗಿದೆ. ಹೀಗೆ ಪೆಗ್ಮಟೈಟಿನ ಪೊಟರೆ, ದ್ವೀಪದ ಹಿಕ್ಕೆ, ಮನುಷ್ಯನ ಬಾಯಿ ಈ ಮೂರೆಡೆಗಳಲ್ಲಿಯೂ ಒಂದು ಸಾಮಾನ್ಯಾಂಶವಿದೆ, ಅದು ನೀರು.

೩

ಇನ್ನು ಎರಡನೆಯ ಖನಿಜದ ಕಡೆಗೆ ತಿರುಗೋಣ. ಅದರ ಇತಿಹಾಸವು ವಿಟ್ಲಾಕೈಟಿನ ಇತಿಹಾಸಕ್ಕಿಂತ ಕಾಲು ಶತಮಾನದಷ್ಟು ಹಿಂದಿನದು. ವಾಷಿಂಗ್ಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದ ಜಾರ್ಜ್ ಮೆರಿಲ್ ೧೯೧೫ರಲ್ಲಿ ನಾಲ್ಕು ಉಲ್ಕಾಶಿಲೆಗಳನ್ನು ಪರಿಶೀಲಿಸಿ, ಅವುಗಳಲ್ಲಿನ ಒಂದು ಬಣ್ಣವಿಲ್ಲದ ಖನಿಜವು ಕ್ಯಾಲ್ಸಿಯಂ ಫಾಸ್ಫೇಟೆಂದು ತೋರಿಸಿದನು. ಅದುವರೆಗೆ ಅದನ್ನು ಮಾಂಟಿಸೆಲೈಟ್ ಎಂಬ ಸಿಲಿಕೇಟಿಗೆ ಹೋಲಿಸುತ್ತಿದ್ದರು. ಆ ನಾಲ್ಕು ಶಿಲೆಗಳೆಂದರೆ ಇಟಲಿಯ ಅಲ್ಫಿಯಾನೆಲ್ಲೊ, ಪೋಲೆಂಡಿನ ಪುಲ್ಟುಸ್ಕ್, ಅಮೆರಿಕದ ರಿಚ್ ಮೌಂಟನ್ ಮತ್ತು ನಮ್ಮ ದೇಶದ ಧರ್ಮಶಾಲಾ. ಕೊನೆಯದು ಹಿಮಾಲಯದ ತಪ್ಪಲಿನಲ್ಲಿ ೧೮೬೦ರ ಜುಲೈ ೧೪ರಂದು ಬಿದ್ದುದು. ೧೯೧೭ರಲ್ಲಿ ಎಡ್ಗರ್ ವೆರಿ ಎಂಬಾತನು ಈ ಖನಿಜಕ್ಕೆ ಮೆರಿಲೈಟ್ ಎಂದು ಹೆಸರಿಟ್ಟನು.

ಉಲ್ಕಾಶಿಲೆಯೊಳಗಿನ ಈ ಖನಿಜವು ಕಣಕಣವಾಗಿ ಹರಡಿರುತ್ತದೆ. ಅಂದಿನ ರಾಸಾಯನಿಕ ವಿಶ್ಲೇಷಣೆಗೆ ಬೇಕಾದಷ್ಟು ಶುದ್ಧವಸ್ತುವನ್ನು ಆಯ್ದು ತೆಗೆಯುವುದೇ ದುಸ್ಸಾಧ್ಯವಾಗಿತ್ತು. ಹೀಗಿದ್ದರೂ ೧೯೨೫ರಲ್ಲಿ ಶ್ಯಾನನ್ ಮತ್ತು ಲಾರ್ಸನ್ ಎಂಬ ವಿದ್ವಾಂಸರು ಇದನ್ನು ವಿಶ್ಲೇಷಿಸಿ, ಇದು ಸೋಡಿಯಮ್ಮನ್ನು ಒಳಗೊಂಡ ಕ್ಯಾಲ್ಸಿಯಂ ಫಾಸ್ಫೇಟೆಂದು ವರದಿ ಮಾಡಿದರು. ಅವರು ಬರೆದ ಸೂತ್ರವು ಇಂದಿನ ಸೂತ್ರಕ್ಕೆ ಸರಿಹೊಂದುವುದಿಲ್ಲ. ಸೋಡಿಯಮ್ಮಿನ ಪ್ರಮಾಣವನ್ನು ಅವರು ಬಹಳ ಹೆಚ್ಚಾಗಿ ಎಣಿಸಿದರು. ಆದರೆ ಸೋಡಿಯಂ ಈ ಖನಿಜದ ಅವಿಭಾಜ್ಯ ಘಟಕವೆಂಬ ಮೂಲಭೂತವಾದ ಅಂಶವನ್ನು ಅವರು ಕಂಡಿದ್ದರು. ಈ ಅಂಶವನ್ನು ಇಲ್ಲಿ ಒತ್ತಿ ಹೇಳಲು ಕಾರಣವಿದೆ. ಮುಂದೆ ಮೂವತ್ತೇಳು ವರ್ಷಗಳ ತರುವಾಯ ಅದು ಬದಿಗೆ ಸರಿಯಿತು.

೪

೧೯೬೨ರಲ್ಲಿ ಲೂಯಿಸ್ ಫುಕ್ಸ್ ಎಂಬ ಸಂಶೋಧಕನು ಉಲ್ಕಾಶಿಲೆಗಳ ಫಾಸ್ಫೇಟ್ ಕಣಗಳ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ, ಅವು ಕೊಡುವ ರೇಖಾವಿನ್ಯಾಸವು ವಿಟ್ಲಾಕೈಟಿನ ವಿನ್ಯಾಸಕ್ಕೆ ಸಮನಾಗಿದೆಯೆಂದು ತೋರಿಸಿದನು. ಅಲ್ಲಿಂದ ಮುಂದೆ ಮೆರಿಲೈಟ್ ಎಂಬುದು ವಿಟ್ಲಾಕೈಟಿನ ಪರ್ಯಾಯನಾಮವೆಂದು ಎಣಿಕೆಯಾಯಿತು. ೧೯೬೯ರಿಂದ ೧೯೭೨ರವರೆಗೆ ಅಪೊಲೊ ಯಾತ್ರಿಗಳು ತಂದ ಚಂದ್ರಶಿಲೆಗಳಲ್ಲಿ ಅದೇ ಫಾಸ್ಫೇಟ್ ಕಂಡಾಗ ಅದಕ್ಕೂ ವಿಟ್ಲಾಕೈಟೆಂಬ ಹೆಸರೇ ಸಂದಿತು.

ಈ ನಿರ್ಣಯವನ್ನು ಹೇಗೆ ಬೆಲೆಕಟ್ಟಬೇಕು? ಅಂದಿನ ಸಾಧನಗಳನ್ನು ಗಮನಿಸಿದರೆ ಫುಕ್ಸನ ತರ್ಕವು ನಿರ್ದುಷ್ಟವೆಂದೇ ತೋರುತ್ತದೆ. ಫ್ರೊಂಡೆಲ್ ತನ್ನ ಪ್ರಬಂಧದ ಶೀರ್ಷಿಕೆಯಲ್ಲಿಯೇ ವಿಟ್ಲಾಕೈಟನ್ನು ಟ್ರೈಕ್ಯಾಲ್ಸಿಯಂ ಫಾಸ್ಫೇಟೆಂದು ಕರೆದಿದ್ದನು. ಅಂದರೆ ಮೂರು ಕ್ಯಾಲ್ಸಿಯಮ್ಮಿಗೆ ಎರಡು ಫಾಸ್ಫೇಟ್ ಗುಂಪುಗಳು. ಪ್ರಯೋಗಶಾಲೆಯಲ್ಲಿ ತಯಾರಾಗುವ ಆ ಹೆಸರಿನ ಲವಣದ ಕ್ಷ-ಕಿರಣ ವಿನ್ಯಾಸವೂ ಖನಿಜದ ವಿನ್ಯಾಸವನ್ನು ನಿಕಟವಾಗಿ ಹೋಲುತ್ತಿತ್ತು. ಮೆಗ್ನೀಸಿಯಂ, ಕಬ್ಬಿಣಗಳು ಕ್ಯಾಲ್ಸಿಯಮ್ಮಿನ ಸ್ಥಾನದಲ್ಲಿ ಸ್ವಲ್ಪಮಟ್ಟಿಗೆ ಸೇರಿಕೊಂಡಿವೆಯೆಂದು ಭಾವಿಸಿದರೆ ಲೆಕ್ಕವು ಸರಿಹೋಗುವಂತಿತ್ತು. ಹಾಗಿರುವಲ್ಲಿ ಅದೇ ವಿನ್ಯಾಸವನ್ನು ಕೊಡುವ ಮೂರನೆಯ ವಸ್ತುವನ್ನು ಬೇರೆಯೆಂದು ಎಣಿಸಲು ಏನು ಕಾರಣ? ಅನಗತ್ಯವಾದ ಹೆಸರೊಂದು ಕಡಮೆಯಾಯಿತೆಂದು ಸಮಕಾಲೀನರು ಸಮಾಧಾನಪಟ್ಟಿರಬೇಕು.

ಆದರೆ ಈ ತರ್ಕದಲ್ಲಿ ಒಂದು ಬಿರುಕಿದೆ. ಕ್ಷ-ಕಿರಣಗಳನ್ನು ಚದರಿಸುವುದು ಪರಮಾಣುವಿನ ಎಲೆಕ್ಟ್ರಾನುಗಳು. ಕ್ಯಾಲ್ಸಿಯಮ್ಮಿನಲ್ಲಿ ಅವು ೨೦, ರಂಜಕದಲ್ಲಿ ೧೫, ಜಲಜನಕದಲ್ಲಿ ಒಂದೇ ಒಂದು. ಆದುದರಿಂದ ಭಾರವಾದ ಪರಮಾಣುಗಳ ಚೌಕಟ್ಟು ಒಂದೇ ಆಗಿದ್ದು, ಒಂದರಲ್ಲಿ ಜಲಜನಕವಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಪುಡಿಯಿಂದ ಪಡೆದ ವಿನ್ಯಾಸಗಳು ಹೆಚ್ಚುಕಡಮೆ ಒಂದೇ ಆಗಿ ಕಾಣುವುದು ಸಹಜ. ಚೌಕಟ್ಟು ಒಂದೇ ಎಂದು ತೋರಿಸುವ ಸಾಕ್ಷ್ಯವು ಖನಿಜವೇ ಒಂದೆಂದು ತೋರಿಸಲಾರದು. ಎರಡು ಮನೆಗಳ ಕಂಬಗಳನ್ನೂ ತೊಲೆಗಳನ್ನೂ ಅಳೆದು, ಒಳಗಿರುವ ಮನೆಮಂದಿಯೂ ಒಂದೇ ಎನ್ನುವಂತಾಯಿತು ಇದು.

ಇದಲ್ಲದೆ ೧೯೨೫ರ ವಿಶ್ಲೇಷಣೆಯು ಲಭ್ಯವಿತ್ತು. ಉಲ್ಕೆಯ ಖನಿಜದಲ್ಲಿ ಸೋಡಿಯಮ್ಮಿದೆ ಎಂಬ ಹೇಳಿಕೆಯು ಇದ್ದೇ ಇತ್ತು. ಎರಡು ಖನಿಜಗಳನ್ನು ಸಮೀಕರಿಸುವ ಮುನ್ನ ಆ ಸೋಡಿಯಂ ಚೌಕಟ್ಟಿನಲ್ಲಿ ಎಲ್ಲಿದೆ, ಪಲೆರ್ಮೊದ ಖನಿಜದಲ್ಲಿ ಅದರ ಸ್ಥಾನವನ್ನು ತುಂಬಿರುವುದು ಯಾವುದು ಎಂಬ ಪ್ರಶ್ನೆಯು ಹುಟ್ಟಬೇಕಾಗಿತ್ತು. ಹೊಸ ಸಾಧನದ ಪ್ರಕಾಶದಲ್ಲಿ ಹಳೆಯ ರಸಾಯನಶಾಸ್ತ್ರವು ಮಂಕಾಗಿ ಕಂಡಿತು. ದೋಷವನ್ನು ಯಾವುದೊಬ್ಬ ವ್ಯಕ್ತಿಯ ಮೇಲೂ ಹೊರಿಸುವುದು ನ್ಯಾಯವಲ್ಲ. ಒಂದು ಬಗೆಯ ಪ್ರಮಾಣವನ್ನು ಸರ್ವಪ್ರಮಾಣವೆಂದು ಸ್ವೀಕರಿಸುವ ಸಾಮೂಹಿಕವಾದ ಒಲವಿನಲ್ಲಿ ಅದು ಅಡಗಿದೆ.

೫

ಬಿರುಕು ಬಹುಬೇಗ ಬೆಳಕಿಗೆ ಬಂದಿತು. ೧೯೭೦ರ ದಶಕದಲ್ಲಿ ಗೋಪಾಲ್, ಕ್ಯಾಲ್ವೊ ಮತ್ತು ಅವರ ಸಹೋದ್ಯೋಗಿಗಳು ಕೃತಕವಾದ ಮೆಗ್ನೀಸಿಯಂ ವಿಟ್ಲಾಕೈಟಿನ ರಚನೆಯನ್ನೂ (೧೯೭೪), ಪಲೆರ್ಮೊ ಗಣಿಯ ವಿಟ್ಲಾಕೈಟಿನ ರಚನೆಯನ್ನೂ (೧೯೭೫) ಒಂಟಿ ಹರಳಿನ ಮೇಲೆ ಪ್ರಯೋಗ ನಡೆಸಿ ನಿರ್ಧರಿಸಿದರು. ಜಲಜನಕವು ವಿಟ್ಲಾಕೈಟಿನ ಆವಶ್ಯಕ ಘಟಕವೆಂಬುದು ಇದರಿಂದ ಸ್ಪಷ್ಟವಾಯಿತು. ೨೦೦೬ ಮತ್ತು ೨೦೦೮ರಲ್ಲಿ ಹ್ಯೂಸ್, ಜಾಲಿಫ್ ಮತ್ತು ಅವರ ಸಂಗಡಿಗರು ಚಂದ್ರನ ಫ್ರಾ ಮೌರೊ ಪ್ರದೇಶದಿಂದ ಅಪೊಲೊ ೧೪ರ ಯಾತ್ರಿಗಳು ತಂದ ಮೆರಿಲೈಟಿನ ರಚನೆಯನ್ನು ನಿರ್ಧರಿಸಿ, ಭೂಮಿಯ ವಿಟ್ಲಾಕೈಟಿನೊಡನೆ ಹೋಲಿಸಿ, ಭೇದವನ್ನು ನಿಸ್ಸಂದಿಗ್ಧವಾಗಿ ಸ್ಥಾಪಿಸಿದರು. ವಿಟ್ಲಾಕೈಟನ್ನು ತೀವ್ರವಾಗಿ ಕಾಸಿದರೆ ಜಲಜನಕವು ಹೊರಟುಹೋಗಿ ಅದು ಮೆರಿಲೈಟಿನ ರಚನೆಗೆ ತಿರುಗುವುದೆಂದೂ ಅವರು ತೋರಿಸಿದರು.

ಇಂದಿನ ತಿಳಿವಳಿಕೆಯಂತೆ ವಿಟ್ಲಾಕೈಟಿನ ಆದರ್ಶಸೂತ್ರವನ್ನು ಮಾತಿನಲ್ಲಿ ಹೀಗೆ ಹೇಳಬಹುದು: ಒಂಬತ್ತು ಕ್ಯಾಲ್ಸಿಯಂ, ಒಂದು ಮೆಗ್ನೀಸಿಯಂ, ಆರು ಫಾಸ್ಫೇಟ್ ಗುಂಪುಗಳು, ಇವುಗಳೊಡನೆ ಏಳನೆಯದಾಗಿ, ತನ್ನ ಒಂದು ಆಮ್ಲಜನಕಕ್ಕೆ ಜಲಜನಕವು ಅಂಟಿಕೊಂಡಿರುವ ಇನ್ನೊಂದು ಫಾಸ್ಫೇಟ್ ಗುಂಪು. ಮೆರಿಲೈಟಿನಲ್ಲಿ ಒಂಬತ್ತು ಕ್ಯಾಲ್ಸಿಯಂ, ಒಂದು ಮೆಗ್ನೀಸಿಯಂ, ಒಂದು ಸೋಡಿಯಂ ಹಾಗೂ ಏಳು ಪೂರ್ಣ ಫಾಸ್ಫೇಟ್ ಗುಂಪುಗಳು. ಎರಡರಲ್ಲಿಯೂ ಪರಮಾಣುಗಳ ಸಂಖ್ಯೆ ೪೬. ನಲವತ್ತೈದು ಸಮಾನ, ಉಳಿದ ಒಂದು ಅಲ್ಲಿ ಜಲಜನಕ, ಇಲ್ಲಿ ಸೋಡಿಯಂ.

ವಿದ್ಯಾರ್ಥಿಗಳು ಈ ಸೂತ್ರಗಳಿಂದ ತಾವೇ ಲೆಕ್ಕಹಾಕಿ ನೋಡುವುದು ಉಚಿತ. ಟ್ರೈಕ್ಯಾಲ್ಸಿಯಂ ಫಾಸ್ಫೇಟಿನಲ್ಲಿ ಕ್ಯಾಲ್ಸಿಯಂ ಆಕ್ಸೈಡು ಶೇಕಡ ೫೪.೨ ಇರಬೇಕು, ಆದರ್ಶ ವಿಟ್ಲಾಕೈಟಿನಲ್ಲಿ ಅದು ಶೇಕಡ ೪೮.೦ ಮಾತ್ರ. ಮೆಗ್ನೀಸಿಯಂ ಆಕ್ಸೈಡು ಶೇಕಡ ೩.೮. ಜಲಜನಕವನ್ನು ನೀರಿನ ರೂಪದಲ್ಲಿ ಎಣಿಸಿದರೆ ಶೇಕಡ ೦.೮೬. ಬರಿಯ ಜಲಜನಕವನ್ನೇ ತೂಗಿದರೆ ಸಾವಿರಕ್ಕೆ ಒಂದು ಭಾಗವೂ ತುಂಬುವುದಿಲ್ಲ. ಮೆರಿಲೈಟಿನಲ್ಲಿ ಸೋಡಿಯಂ ಆಕ್ಸೈಡು ಶೇಕಡ ೨.೯. ಇಷ್ಟು ಸ್ವಲ್ಪವಾದ ನೀರನ್ನು ಕಣಮಾತ್ರ ವಸ್ತುವಿನಲ್ಲಿ ಅಳೆಯುವುದು ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು. ಎಲೆಕ್ಟ್ರಾನ್ ಕಿರಣದಿಂದ ಸೂಕ್ಷ್ಮಕಣಗಳನ್ನು ವಿಶ್ಲೇಷಿಸುವ ಪ್ರಸಿದ್ಧ ಉಪಕರಣವು ಜಲಜನಕವನ್ನು ಕಾಣಲಾರದು. ಕ್ಷ-ಕಿರಣಕ್ಕೂ ಅದು ಹೆಚ್ಚುಕಡಮೆ ಅಗೋಚರ. ಹೀಗೆ ಭೇದವನ್ನುಂಟುಮಾಡುವ ಪರಮಾಣುವೇ ಎರಡು ಮುಖ್ಯ ಸಾಧನಗಳ ದೃಷ್ಟಿಯಿಂದ ತಪ್ಪಿಸಿಕೊಂಡಿತು.

೬

ಭೇದವು ಸ್ಥಾಪಿತವಾದ ಮೇಲೆ ಹೆಸರೂ ಸರಿಹೋಗಬೇಕಾಗಿತ್ತು. ಹಾಗಾಗಲಿಲ್ಲ. ಚಂದ್ರಶಿಲೆಗಳನ್ನೂ ಉಲ್ಕೆಗಳನ್ನೂ ಕುರಿತ ಪ್ರಬಂಧಗಳಲ್ಲಿ ವಿಟ್ಲಾಕೈಟೆಂಬ ಹೆಸರು ದಶಕಗಳ ಕಾಲ ಮುಂದುವರಿಯಿತು. ೨೦೦೬ರಲ್ಲಿ ಭೂಗರ್ಭದ ಮ್ಯಾಂಟಲಿನಿಂದ ಮೇಲಕ್ಕೆ ಬಂದ ಶಿಲಾಖಂಡಗಳಲ್ಲಿ ಇಂಥ ಫಾಸ್ಫೇಟನ್ನು ಕಂಡವರು ಅದನ್ನು ವಿಟ್ಲಾಕೈಟೆಂದೇ ಕರೆದು, ಅದರ ಇರವಿನಿಂದ ಆ ದ್ರವಗಳಲ್ಲಿ ನೀರು ಕಡಮೆಯಿತ್ತೆಂಬ ನಿರ್ಣಯಕ್ಕೆ ಬಂದರು. ಅವರ ನಿರ್ಣಯವನ್ನು ನಾವು ಆಕ್ಷೇಪಿಸುತ್ತಿಲ್ಲ. ಆದರೆ ಜಲಜನಕಯುಕ್ತವಾದ ಖನಿಜದ ಹೆಸರನ್ನು ಹಿಡಿದು ಜಲಾಭಾವವನ್ನು ಸಾಧಿಸುವ ವಾಕ್ಯವನ್ನು ಓದುವ ವಿದ್ಯಾರ್ಥಿಯು ದಿಗ್ಭ್ರಾಂತನಾದರೆ ಅವನ ತಪ್ಪೇನು?

ಇಂಥ ಭೇದವು ಪಂಡಿತರ ಸೂಕ್ಷ್ಮದೃಷ್ಟಿಯ ವಿಲಾಸವೇ ಹೊರತು ಅದರಿಂದ ಪ್ರಯೋಜನವಿಲ್ಲ ಎಂದು ವಾದಿಸುವವರಿದ್ದಾರೆ. ಅವರಿಗೆ ಉತ್ತರವು ಮಂಗಳಗ್ರಹದಿಂದ ಬಂದ ಕಲ್ಲುಗಳಲ್ಲಿದೆ. ಬಿಹಾರದ ಗಯಾ ಜಿಲ್ಲೆಯ ಶೇರ್ಘಾಟಿಯಲ್ಲಿ ೧೮೬೫ರ ಆಗಸ್ಟ್ ೨೫ರಂದು ಒಂದು ಉಲ್ಕೆ ಬಿದ್ದಿತು. ಆ ಊರಿನ ಹೆಸರಿನಿಂದಲೇ ಒಂದು ವರ್ಗದ ಉಲ್ಕಾಶಿಲೆಗಳಿಗೆ ಶೆರ್ಗೊಟೈಟುಗಳೆಂಬ ಹೆಸರು ಬಂದಿದೆ. ೧೯೭೬ರಲ್ಲಿ ವೈಕಿಂಗ್ ನೌಕೆಗಳು ಮಂಗಳದ ವಾಯುಮಂಡಲವನ್ನು ಅಳೆದವು. ೧೯೮೩ರಲ್ಲಿ ಅಂಟಾರ್ಕ್ಟಿಕದಲ್ಲಿ ದೊರೆತಿದ್ದ ಶೆರ್ಗೊಟೈಟೊಂದರ ಗಾಜಿನಲ್ಲಿ ಸೆರೆಯಾಗಿದ್ದ ಅನಿಲಗಳು ಆ ಅಳತೆಗೆ ಹೊಂದುತ್ತವೆಂದು ತಿಳಿದ ಮೇಲೆ ಈ ವರ್ಗವು ಮಂಗಳದಿಂದ ಬಂದುದೆಂಬ ಅಭಿಪ್ರಾಯವು ದೃಢವಾಯಿತು. ಈ ಶಿಲೆಗಳಲ್ಲಿ ಮೆರಿಲೈಟ್ ಮತ್ತು ಅಪಟೈಟ್ ಎರಡೂ ಇವೆ. ಅದರಲ್ಲಿಯೂ ಮೆರಿಲೈಟ್ ಹೇರಳ.

ಮೆರಿಲೈಟಿನಲ್ಲಿ ಜಲಜನಕವಿಲ್ಲ. ಆದುದರಿಂದ ಅದು ಹುಟ್ಟಿದ ಶಿಲಾರಸವೂ ಒಣದಾಗಿತ್ತು ಎಂದು ಹೇಳಬಹುದೇ? ಮೇಲುನೋಟಕ್ಕೆ ಹಾಗೆಯೇ ತೋರುತ್ತದೆ. ಆದರೆ ೨೦೧೭ರಲ್ಲಿ ಆಡ್‌ಕಾಕ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಪ್ರಯೋಗಗಳು ಈ ಊಹೆಗೆ ಅಡ್ಡ ಬರುತ್ತವೆ. ಅವರು ಕೃತಕ ವಿಟ್ಲಾಕೈಟನ್ನು ಮಹಾವೇಗದ ಆಘಾತಕ್ಕೆ ಗುರಿಮಾಡಿ, ಅದರಲ್ಲಿ ಒಂದು ಭಾಗವು ಮೆರಿಲೈಟಾಗಿ ಮಾರ್ಪಡುವುದನ್ನು ಕಂಡರು. ಮಂಗಳದ ಶಿಲೆಯು ಭೂಮಿಗೆ ಬರಬೇಕಾದರೆ ಕ್ಷುದ್ರಗ್ರಹವೊಂದರ ಅಪ್ಪಳಿಕೆಯಿಂದ ಸಿಡಿದು ಹೊರಬೀಳಲೇಬೇಕು. ಹಾಗೆ ಸಿಡಿಯುವಾಗ ವಿಟ್ಲಾಕೈಟಿನ ಜಲಜನಕವು ಹಾರಿಹೋಗಿ, ಈಗ ನಮಗೆ ಮೆರಿಲೈಟಾಗಿ ಕಾಣುತ್ತಿರಬಾರದೇಕೆ? ಹಾಗಿದ್ದ ಪಕ್ಷದಲ್ಲಿ ನಾವು ಅಳೆಯುತ್ತಿರುವ ಒಣತನವು ಮಂಗಳದ್ದಲ್ಲ, ಪ್ರಯಾಣದ್ದು.

ಇದಕ್ಕೆ ಪ್ರತಿಯಾಗಿ ಇನ್ನೊಂದು ವಾದವುಂಟು. ಮೆಕ್ಯುಬಿನ್ ಮತ್ತು ಅವರ ಸಂಗಡಿಗರು ೨೦೧೪ರಲ್ಲಿ ಶೇರ್ಘಾಟಿಯ ಉಲ್ಕೆಯಲ್ಲಿಯೇ ಜೊತೆಜೊತೆಯಾಗಿರುವ ಮೆರಿಲೈಟ್ ಮತ್ತು ಅಪಟೈಟುಗಳಲ್ಲಿನ ಬಾಷ್ಪಶೀಲ ವಸ್ತುಗಳನ್ನು ಅಳೆದರು. ಮೆರಿಲೈಟಿನಲ್ಲಿ ಜಲಜನಕವು ಅತ್ಯಲ್ಪ; ಅಪಟೈಟಿನಲ್ಲಿ ಗಣನೀಯವಾಗಿದೆ. ಶಿಲಾರಸದ ಅತ್ಯುಷ್ಣದಲ್ಲಿ ವಿಟ್ಲಾಕೈಟ್ ನಿಲ್ಲಲಾರದಾದುದರಿಂದ, ನೀರುಳ್ಳ ರಸದಿಂದಲೂ ಹುಟ್ಟುವುದು ಮೆರಿಲೈಟೇ ಎಂಬುದು ಅವರ ವಿವರಣೆ. ಇದರ ಪ್ರಕಾರ ಮೆರಿಲೈಟಿನ ಒಣತನವು ಆಘಾತದ ಫಲವಲ್ಲ. ರಸದ ಒಣತನಕ್ಕೆ ಸಾಕ್ಷಿಯೂ ಅಲ್ಲ. ಕೇವಲ ಉಷ್ಣತೆಗೆ ಸಾಕ್ಷಿ.

ಈ ಎರಡು ವಾದಗಳಲ್ಲಿ ಯಾವುದು ಗ್ರಾಹ್ಯ? ಶೇರ್ಘಾಟಿಯ ಮಟ್ಟಿಗೆ ಎರಡನೆಯ ವಾದವೇ ಬಲವಾದುದೆಂದು ನಮಗೆ ತೋರುತ್ತದೆ. ಏಕೆಂದರೆ ಅದು ಖನಿಜವು ಹುಟ್ಟಿದ ಪರಿಸ್ಥಿತಿಯಿಂದಲೇ ಅದರ ಘಟನೆಯನ್ನು ವಿವರಿಸುತ್ತದೆ. ಒಮ್ಮೆ ಇದ್ದು ಈಗ ಮಾಯವಾದ ಖನಿಜವನ್ನು ಕಲ್ಪಿಸುವ ಆವಶ್ಯಕತೆ ಅದಕ್ಕಿಲ್ಲ. ಪಕ್ಕದ ಅಪಟೈಟ್ ತನ್ನ ಜಲಜನಕವನ್ನು ಉಳಿಸಿಕೊಂಡಿರುವುದೂ ಅದಕ್ಕೆ ಅನುಕೂಲ. ಆದರೆ ಎರಡು ಖನಿಜಗಳು ಆಘಾತಕ್ಕೆ ಒಂದೇ ರೀತಿಯಲ್ಲಿ ಪ್ರತಿಕ್ರಿಯೆ ತೋರಬೇಕೆಂಬ ನಿಯಮವಿಲ್ಲವಾದುದರಿಂದ, ಮೊದಲನೆಯ ವಾದವನ್ನು ತಳ್ಳಿಹಾಕುವಂತೆಯೂ ಇಲ್ಲ. ಬಿಸಿನೀರು ಹರಿದು ಮಾರ್ಪಟ್ಟ ಮಂಗಳದ ಶಿಲೆಗಳ ವಿಷಯದಲ್ಲಿ ಅದೇ ಸತ್ಯವಾಗಿರಬಹುದು. ಅಪ್ಪಳಿಕೆಗೆ ಸಿಕ್ಕದೆ, ಯಂತ್ರದಿಂದ ನೇರವಾಗಿ ತೆಗೆದ ಶಿಲೆಯನ್ನು ಪರೀಕ್ಷಿಸಿದಲ್ಲದೆ ಇದು ಇತ್ಯರ್ಥವಾಗದು. ಪರ್ಸೀವೆರೆನ್ಸ್ ಶೋಧಯಾನವು ೨೦೨೧ರಿಂದ ಅಂಥ ಮಾದರಿಗಳನ್ನು ಕೂಡಿಡುತ್ತಿದೆ. ಅವು ಇನ್ನೂ ಮಂಗಳದಲ್ಲಿಯೇ ಇವೆ.

ಇಲ್ಲಿ ಗಮನಿಸಬೇಕಾದ ಮುಖ್ಯಾಂಶವು ಬೇರೆ. ಎರಡು ಖನಿಜಗಳಿಗೂ ಒಂದೇ ಹೆಸರಿದ್ದರೆ ಈ ವಾದವನ್ನು ಹೂಡುವುದೇ ಅಸಾಧ್ಯ. ವಿಟ್ಲಾಕೈಟ್ ವಿಟ್ಲಾಕೈಟಾಗಿ ಮಾರ್ಪಟ್ಟಿತು ಎಂಬ ವಾಕ್ಯಕ್ಕೆ ಅರ್ಥವಿಲ್ಲ. ಪ್ರಶ್ನೆಯನ್ನು ಕೇಳುವ ಶಕ್ತಿಯನ್ನೇ ಹೆಸರು ಕೊಡುತ್ತದೆ, ಇಲ್ಲವೆ ಕಸಿದುಕೊಳ್ಳುತ್ತದೆ.

೭

ಹೆಸರುಗಳನ್ನು ಹೆಚ್ಚಿಸುವುದೇ ಇದಕ್ಕೆ ಪರಿಹಾರವೆಂದು ಯಾರೂ ಭಾವಿಸಬಾರದು. ಇದೇ ಕುಟುಂಬದಲ್ಲಿ ವಿರುದ್ಧ ದಿಕ್ಕಿನ ತಪ್ಪಿಗೂ ನಿದರ್ಶನವಿದೆ. ಬಿಗ್ ಫಿಷ್ ನದಿಯ ಹರಳುಗಳಲ್ಲಿ ಜಲಜನಕದ ಬದಲು ಫ್ಲೋರಿನ್ ಇದೆಯೆಂದು ವಾದಿಸಿ, ೨೦೧೧ರಲ್ಲಿ ಬಾಬ್‌ಡೌನ್ಸೈಟ್ ಎಂಬ ಹೊಸ ಖನಿಜವನ್ನು ವರ್ಣಿಸಲಾಯಿತು. ಅಮೆರಿಕದ ಖನಿಜಶಾಸ್ತ್ರಜ್ಞ ರಾಬರ್ಟ್ ಡೌನ್ಸರ ಹೆಸರನ್ನು ಅದಕ್ಕೆ ಇಟ್ಟಿದ್ದರು. ಆದರೆ ಫಾಸ್ಫೇಟುಗಳಲ್ಲಿ ಫ್ಲೋರಿನ್ನನ್ನು ಎಲೆಕ್ಟ್ರಾನ್ ಕಿರಣದಿಂದ ಅಳೆಯುವುದು ಅಪಾಯದ ಕೆಲಸ. ಉಪಕರಣವು ಇಲ್ಲದ್ದನ್ನು ಇದ್ದಂತೆ ತೋರಿಸಬಲ್ಲದು. ಅನೇಕ ವಿಧಾನಗಳಿಂದ ಮರುಪರೀಕ್ಷೆ ನಡೆದಾಗ ಫ್ಲೋರಿನ್ ಅಲ್ಲಿ ಆವಶ್ಯಕ ಘಟಕವೆಂಬುದಕ್ಕೆ ಆಧಾರ ದೊರೆಯಲಿಲ್ಲ. ೨೦೧೮ರಲ್ಲಿ ಆ ಹೆಸರು ರದ್ದಾಯಿತು. ೧೯೬೨ರಲ್ಲಿ ಇದ್ದ ಭೇದವನ್ನು ಕಾಣಲಿಲ್ಲ. ೨೦೧೧ರಲ್ಲಿ ಇಲ್ಲದ ಭೇದವನ್ನು ಕಂಡರು. ಎರಡರ ಮೂಲವೂ ಒಂದೇ: ಹಗುರವಾದ ಪರಮಾಣುವಿನ ವಿಷಯದಲ್ಲಿ ಸಾಧನದ ಮಿತಿಯನ್ನು ಮೀರಿ ತೀರ್ಪು ಕೊಟ್ಟದ್ದು.

ಇದಕ್ಕೆ ಪ್ರತಿಯಾಗಿ, ಗಟ್ಟಿಯಾದ ಆಧಾರದ ಮೇಲೆ ಈ ಕುಟುಂಬಕ್ಕೆ ಸೇರಿದ ಸದಸ್ಯರೂ ಇದ್ದಾರೆ. ಮೆಗ್ನೀಸಿಯಮ್ಮಿನ ಸ್ಥಾನದಲ್ಲಿ ಕಬ್ಬಿಣವುಳ್ಳ ಫೆರೊಮೆರಿಲೈಟ್ ಮಂಗಳಮೂಲದ ಉಲ್ಕಾಶಿಲೆಗಳಿಂದ ಪರಿಚಿತವಾಯಿತು. ಚೀನಾದ ಚಾಂಗ್ಎ-೫ ನೌಕೆಯು ೨೦೨೦ರ ಡಿಸೆಂಬರಿನಲ್ಲಿ ತಂದ ಚಂದ್ರನ ಮಣ್ಣಿನಲ್ಲಿ ಇಟ್ರಿಯಂಯುಕ್ತವಾದ ಚಾಂಗ್ಎಸೈಟ್ ಎಂಬ ಇನ್ನೊಂದು ಖನ��ಜವು ದೊರೆತುದನ್ನು ೨೦೨೨ರಲ್ಲಿ ಪ್ರಕಟಿಸಿದರು. ಚಂದ್ರನ ಮೆರಿಲೈಟುಗಳಲ್ಲಿ ವಿರಳಮೃತ್ತಿಕೆಯ ಮೂಲವಸ್ತುಗಳು ಹೇರಳವಾಗಿ ಸೇರುತ್ತವೆಂಬುದು ಮೊದಲೇ ತಿಳಿದಿದ್ದುದರಿಂದ ಈ ಶೋಧವು ಆ ಕ್ರಮಕ್ಕೆ ಹೊಂದುವಂಥದೇ. ಆ ಭಾರವಾದ ಪರಮಾಣುಗಳನ್ನು ನಮ್ಮ ಸಾಧನಗಳು ಚೆನ್ನಾಗಿ ಕಾಣಬಲ್ಲವು. ಆದುದರಿಂದಲೇ ಈ ಹೆಸರುಗಳ ವಿಷಯದಲ್ಲಿ ನಮಗೆ ಹೆಚ್ಚು ಭರವಸೆಯುಂಟು.

೮

ಇಷ್ಟರಿಂದ ಅಧ್ಯಾಪಕರಿಗೆ ಒದಗುವ ಕರ್ತವ್ಯವನ್ನು ಸಂಗ್ರಹವಾಗಿ ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ವಿಟ್ಲಾಕೈಟೆಂದರೆ ಟ್ರೈಕ್ಯಾಲ್ಸಿಯಂ ಫಾಸ್ಫೇಟೆಂಬ ಹಳೆಯ ಸಮೀಕರಣವನ್ನು ಬಿಡಬೇಕು. ಪ್ರಯೋಗಶಾಲೆಯ ಆ ಲವಣವು ರಚನೆಯಲ್ಲಿ ಈ ಖನಿಜಗಳಿಗೆ ಬಂಧುವೇ ಹೊರತು ಇವುಗಳಲ್ಲಿ ಯಾವುದೂ ಅಲ್ಲ. ಸೂತ್ರವನ್ನು ಕರಿಹಲಗೆಯ ಮೇಲೆ ಬರೆಯುವಾಗ ಜಲಜನಕವನ್ನು ಬಿಡದೆ ಬರೆಯಬೇಕು. ಚಂದ್ರನ ಅಥವಾ ಉಲ್ಕೆಯ ಫಾಸ್ಫೇಟನ್ನು ಕುರಿತ ಹಳೆಯ ಪ್ರಬಂಧದಲ್ಲಿ ವಿಟ್ಲಾಕೈಟೆಂಬ ಶಬ್ದವು ಬಂದರೆ, ಅಲ್ಲಿ ಮೆರಿಲೈಟೆಂದು ಗ್ರಹಿಸಬೇಕಾದ ಸಂಭವವೇ ಹೆಚ್ಚೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕು. ಎಲ್ಲಿ ಜಲಜನಕವನ್ನೂ ಸೋಡಿಯಮ್ಮನ್ನೂ ಅಳೆದಿಲ್ಲವೋ ಅಲ್ಲಿ ಯಾವ ಹೆಸರನ್ನೂ ಆತುರದಿಂದ ಹಚ್ಚದೆ, ಈ ಗುಂಪಿನ ಫಾಸ್ಫೇಟೆಂದಷ್ಟೇ ಬರೆಯುವುದು ಪ್ರಾಮಾಣಿಕವಾದ ಮಾರ್ಗ.

ಈ ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಖನಿಜನಾಮದ ಹಿಂದೆಯೂ ಒಂದು ಅಳತೆಯಿದೆ, ಪ್ರತಿಯೊಂದು ಅಳತೆಗೂ ಒಂದು ಕುರುಡುಭಾಗವಿದೆ ಎಂಬ ಅರಿವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಬೇಕಾಗಿದೆ. ಖನಿಜಗಳ ಪಟ್ಟಿಯನ್ನು ಕಂಠಪಾಠ ಮಾಡಿದವನಿಗೆ ಹೆಸರು ಅಧ್ಯಯನದ ಕೊನೆಯಾಗಿ ಕಾಣುತ್ತದೆ. ಆ ಹೆಸರನ್ನು ಯಾರು, ಯಾವ ಸಾಧನದಿಂದ, ಏನನ್ನು ನೋಡಿ, ಏನನ್ನು ನೋಡಲಾರದೆ ಇಟ್ಟರು ಎಂದು ಕೇಳುವವನಿಗೆ ಅಲ್ಲಿಂದಲೇ ಅಧ್ಯಯನವು ಆರಂಭವಾಗುತ್ತದೆ. ೧೯೨೫ರಲ್ಲಿ ಅಳೆದ ಸೋಡಿಯಮ್ಮಿನ ಬಗ್ಗೆ ೧೯೬೨ರಲ್ಲಿ ಯಾರಾದರೊಬ್ಬರು ಇಂಥ ಪ್ರಶ್ನೆಯನ್ನು ಕೇಳಿದ್ದರೆ, ಈ ಶಾಸ್ತ್ರಕ್ಕೆ ಹಲವು ವರ್ಷಗಳ ಗೊಂದಲವು ತಪ್ಪುತ್ತಿತ್ತು. ನಮ್ಮ ವಿದ್ಯಾರ್ಥಿಗಳು ಕೇಳುವುದನ್ನು ಕಲಿಯಲಿ ಎಂಬುದೇ ನಮ್ಮ ಅಪೇಕ್ಷೆ.